ಎಮ್ಮೆಲ್ಲೆಯವರು ಹೇಳಿದ ಸುಳ್ಳು

ನಮ್ಮ ಹಿಂದಿನ ಎಮ್ಮೆಲ್ಲೆಯವರು ತೀರಿಕೊಂಡ ಮೇಲೆ ಪೇಟೆಯ ಸಮುದಾಯ ಭವನದಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ನಾನೂ ಹೋಗಿದ್ದೆ. ಹೆಂಗಸರ ಸಾಲಿನಲ್ಲಿ ಫ್ಯಾನಿನ ಕೆಳಗೇ ಜಾಗ ಸಿಕ್ಕಿತು, ಅದೇ ಒಂದು ಪುಣ್ಯ. ಭಾಷಣ ಮಾಡಿದವರೆಲ್ಲ ಅವರು ಮಾಡಿಸಿದ ಸೇತುವೆ, ಶಾಲೆಯ ಕಟ್ಟಡ, ಆನೆಗಳ ಕಾಟದ ಬಗ್ಗೆ ವಿಧಾನಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು, ಇವನ್ನೆಲ್ಲ ಹೇಳಿದರು. ಒಬ್ಬರು, ಇಷ್ಟು ವರ್ಷದ ರಾಜಕೀಯದಲ್ಲಿ ಅವರ ಬಾಯಿಂದ ಒಂದು ಸುಳ್ಳು ಬಂದದ್ದನ್ನು ಯಾರಾದರೂ ಕೇಳಿದ್ದೀರಾ ಎಂದರು. ಸಭೆಯೆಲ್ಲ ಇಲ್ಲವೆಂದು ತಲೆಯಾಡಿಸಿತು. ನನ್ನ ಪಕ್ಕ ಕೂತಿದ್ದ ಸೆಲ್ವಿ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದಳು.

ಒಂದು ಸುಳ್ಳು ಹೇಳಿದ್ದರು. ಅದು ಸೆಲ್ವಿಗೆ ಗೊತ್ತು, ನನಗೆ ಗೊತ್ತು, ನಮ್ಮ ಹೊಳೆಬದಿಯವರಿಗೆಲ್ಲ ಗೊತ್ತು. ಇವತ್ತು ನನ್ನ ಕುತ್ತಿಗೆಯಲ್ಲಿ ತಾಳಿ ಉಳಿದಿರುವುದು ಆ ಸುಳ್ಳಿನ ದೆಸೆಯಿಂದ. ಮೈಕಿನ ಮುಂದೆ ನಿಂತು ಹೇಳುವಷ್ಟು ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅರಕಲಗೂಡಿನ ಕಡೆಯವಳು. ಮದುವೆಯಾಗಿ ಕೊಡಗಿಗೆ ಬಂದೆ. ನೆಲ್ಯಹುದಿಕೇರಿಯಿಂದ ಸ್ವಲ್ಪ ಕೆಳಗೆ ಕಾವೇರಿಯ ದಡದಲ್ಲಿ ಒಂದು ಚಿಕ್ಕ ಈಶ್ವರ ದೇವಸ್ಥಾನವಿದೆ, ನಮ್ಮವರು ಅಲ್ಲಿ ಅರ್ಚಕರು. ದೇವಸ್ಥಾನಕ್ಕೆ ಒತ್ತಿಕೊಂಡು ಆಗ ನಮ್ಮ ಮನೆ ಇತ್ತು. ಅದರಾಚೆ ಕಾಫಿ ತೋಟದ ಕೆಲಸಕ್ಕೆ ಹೋಗುವವರ ಮನೆಗಳ ಸಾಲು. ತಮಿಳರು, ಮಲಯಾಳಿಗಳು, ನನ್ನ ಹಾಗೆ ಹಾಸನದ ಕಡೆಯಿಂದ ಬಂದವರು, ಎಲ್ಲರೂ ಇದ್ದರು. ಸೆಲ್ವಿಯ ಮನೆ ಆ ಸಾಲಿನಲ್ಲಿ ಮೊದಲನೆಯದು. ಅಲ್ಲಿಂದ ಮೇಲಕ್ಕೆ ತೋಟದ ನಡುವೆ ಮಣ್ಣಿನ ದಾರಿ ಏರುತ್ತದೆ. ಆ ದಾರಿಯ ತುದಿಯಲ್ಲಿ ಎಮ್ಮೆಲ್ಲೆಯವರ ಹೆಂಚಿನ ಮನೆ. ಅವರು ಕೊಡವರು. ಮನೆಯಲ್ಲಿ ಅವರ ವಯಸ್ಸಾದ ತಾಯಿ, ಅವರಿಗೂ ಊರಿಗೂ ಅವ್ವ.

ಎಮ್ಮೆಲ್ಲೆಯವರ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು "ಆಗಲ್ಲ." ರಾಜಕೀಯದವರೆಂದರೆ "ನೋಡೋಣ, ಮಾಡೋಣ" ಅನ್ನುವವರು ಎಂದು ತಿಳಿದಿದ್ದ ಜನಕ್ಕೆ ಇದು ಸಿಟ್ಟು ಬರಿಸುತ್ತಿತ್ತು. ಸೆಲ್ವಿ ತನ್ನ ಮಗನಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ ಕೊಡಿಸಿ ಎಂದು ಕೇಳಿದಾಗ ಅವಳು ಮಾತು ಮುಗಿಸುವ ಮೊದಲೇ ಹೇಳಿದರು, "ಆಗಲ್ಲಮ್ಮ. ನನ್ನ ಕೈಲಿಲ್ಲ ಅದು. ನಂಬಿಸಿ ಕೂರಿಸಿದರೆ ಹುಡುಗನ ವಯಸ್ಸು ಹಾಳು." ಸೆಲ್ವಿ ದಾರಿಯುದ್ದಕ್ಕೂ ಬೈದುಕೊಂಡು ಬಂದಳು. ಆಮೇಲೆ ಅವರೇ ಕುಶಾಲನಗರದ ಗ್ಯಾರೇಜಿನವನೊಬ್ಬನಿಗೆ ಹೇಳಿ ಆ ಹುಡುಗನನ್ನು ಕೆಲಸ ಕಲಿಯಲು ಸೇರಿಸಿದರು. ಈಗ ಅವನಿಗೆ ಅಲ್ಲೇ ಸ್ವಂತ ಗ್ಯಾರೇಜು.

ಎಡಗಿವಿ ಅವರಿಗೆ ಮಂದ. ಚಿಕ್ಕಂದಿನಲ್ಲಿ ಕಿವಿಯ ಪಕ್ಕವೇ ಕೋವಿ ಹಾರಿದ್ದಂತೆ. ಅದಕ್ಕೆ ಯಾರು ಮಾತಾಡಿದರೂ ಕುರ್ಚಿಯನ್ನೇ ಎಳೆದು ತಿರುಗಿಸಿ ಬಲಗಿವಿ ಕೊಟ್ಟು ಕೂರುತ್ತಿದ್ದರು. ವಿಧಾನಸಭೆಯಲ್ಲಿ ಏನು ಮಾಡ್ತೀರಿ ಸಾರ್ ಎಂದು ನಮ್ಮವರು ಒಮ್ಮೆ ಕೇಳಿದ್ದರು.

"ಎಡಗಡೆ ಕೂತವರು ಪುಣ್ಯವಂತರು ಭಟ್ರೇ. ಏನು ಬೈದರೂ ನಾನು ನಗ್ತಾ ಇರ್ತೀನಿ."

ಆದರೆ ನನ್ನ ಮಟ್ಟಿಗೆ ಅವರೆಂದರೆ ಸಾವಿನ ಮನೆಯಲ್ಲಿ ಕಾಣುತ್ತಿದ್ದ ಮನುಷ್ಯ. ಮಂತ್ರಿಗಳ ಕಾರ್ಯಕ್ರಮ ತಪ್ಪಿಸಿಯಾರು, ಸಾವು ತಪ್ಪಿಸುತ್ತಿರಲಿಲ್ಲ. ಕೈಕಟ್ಟಿ ನಿಂತು ಹೋಗುವವರೂ ಅಲ್ಲ. ಸೌದೆ ಹೊರುವುದು, ನೀರು ಸೇದುವುದು, ಅಳುವ ಮಕ್ಕಳನ್ನು ಜೀಪಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದು. ಸೆಲ್ವಿಯ ಗಂಡ ಹೋದಾಗ ಹೆಣ ಎತ್ತುವ ಹೊತ್ತಿಗೆ ಬಂದರು. ಗಂಡಸರು ಎಮ್ಮೆಲ್ಲೆ ಬಂದರೆಂದು ಹಿಂದೆ ಸರಿದು ಜಾಗ ಬಿಟ್ಟರು. "ಜಾಗ ಬೇಡ, ಭಾರ ಕೊಡಿ" ಎಂದು ಚಟ್ಟಕ್ಕೆ ಹೆಗಲು ಕೊಟ್ಟರು.  ಇಂಥವರನ್ನು ದೇವರು ಅಪರೂಪಕ್ಕೆ ಮಾಡುತ್ತಾನೆ, ಮಾಡಿದವರಲ್ಲಿ ಒಬ್ಬರನ್ನು ನಮ್ಮ ದಾರಿಯ ತುದಿಯಲ್ಲೇ ಇಟ್ಟಿದ್ದಾನೆ ಎಂದುಕೊಂಡೆ.

ಕೊಡಗಿನಲ್ಲಿ ಸಾವಿನ ಸುದ್ದಿ ಹೇಳುವುದು ಕೋವಿ. ಇದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಮೇಲಿನಿಂದ ಒಂದರ ಹಿಂದೆ ಒಂದು, ಎರಡು ಗುಂಡಿನ ಸದ್ದು ಬಂತು. ಯಾರೋ ಹಂದಿ ಹೊಡೆದರು ಎಂದುಕೊಂಡೆ. ಆಗಿನ್ನೂ ಬದುಕಿದ್ದ ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಯಾರೋ ಹೋದರು, ಸೀರೆ ಬದಲಾಯಿಸಿಕೋ" ಎಂದರು. ಕೊಡವರ ಮನೆಯಂಗಳದಲ್ಲಿ ಎರಡು ಗುಂಡು ಹಾರಿದರೆ ಸಾವು ಎಂದು ಅರ್ಥ. ಕೇಳಿದವರು ಮಾಡುತ್ತಿದ್ದ ಕೆಲಸ ಬಿಟ್ಟು ಆ ಮನೆಗೆ ನಡೆಯಬೇಕು. ಜಗಳವಿದ್ದರೂ ಹೋಗಬೇಕು. ನಮ್ಮವರು ಮಾತ್ರ ಹೋಗುವುದಿಲ್ಲ. ಸಂಜೆಗೆ ಪೂಜೆ ಇರುತ್ತದೆ, ದೇವಸ್ಥಾನದಲ್ಲಿ ಇರುವುದು ಅವರೊಬ್ಬರೇ, ಮೈಲಿಗೆಯಾದರೆ ದೇವರಿಗೆ ಯಾರು. ಹಾಗಾಗಿ ಊರಲ್ಲಿ ಯಾರೇ ಹೋಗಲಿ, ಮನೆಯ ಪರವಾಗಿ ನಾನು ಹೋಗಿ, ಬಂದು ಹಿತ್ತಲಲ್ಲಿ ಮಿಂದು ಒಳಗೆ ಬರುತ್ತಿದ್ದೆ.

ನಮ್ಮ ಹೊಳೆಬದಿಯವರಿಗೆ ಇದ್ದ ದೊಡ್ಡ ಆಸೆ ಒಂದು ತಡೆಗೋಡೆ. ಮಳೆಗಾಲದಲ್ಲಿ ಕಾವೇರಿ ಅಂಗಳದವರೆಗೆ ಬಂದು ಹೋಗುತ್ತಿದ್ದಳು. ಗೋಡೆ ಕಟ್ಟಿಸಿಕೊಡಿ ಎಂದು ನಮ್ಮವರು ಮುಂದೆ ನಿಂತು ಎಲ್ಲರ ಪರವಾಗಿ ಕೇಳಿದರು. ಎಮ್ಮೆಲ್ಲೆಯವರು ಬಂದರು. ದೇವಸ್ಥಾನದ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ಎದ್ದು ಹೇಳಿದರು.

"ಗೋಡೆ ಆಗಲ್ಲ ಭಟ್ರೇ. ಕಟ್ಟಿಸಬಹುದು, ನಿಲ್ಲಲ್ಲ. ನಿಮ್ಮನ್ನೆಲ್ಲ ಮೇಲೆ ಕಳಿಸಬೇಕು. ಜಾಗ ಹುಡುಕ್ತೀನಿ. ಇಲ್ಲಿ ಮಾತ್ರ ಇರಬೇಡಿ."

ಯಾರಿಗೂ ಹಿಡಿಸಲಿಲ್ಲ. ಹೊಳೆ ಬಿಟ್ಟರೆ ಬಟ್ಟೆ ಒಗೆಯುವುದು ಎಲ್ಲಿ, ಮೀನು ಹಿಡಿಯುವುದು ಎಲ್ಲಿ, ಈಶ್ವರನನ್ನು ಬಿಟ್ಟು ಭಟ್ಟರು ಹೋಗುವುದು ಎಲ್ಲಿಗೆ. ಚುನಾವಣೆ ಬಂದಾಗ ಎದುರಿಗೆ ನಿಂತವರು ಗೋಡೆಯನ್ನೂ ಹಕ್ಕುಪತ್ರವನ್ನೂ ಕೊಡುತ್ತೇವೆ ಎಂದರು. ಇವರು ಅದೇ ಮೆಟ್ಟಿಲ ಮೇಲೆ ನಿಂತು, ಮತ ಬೇಕಾಗಿದ್ದ ಹೊತ್ತಿನಲ್ಲೂ, "ಗೋಡೆ ಆಗಲ್ಲ" ಎಂದೇ ಹೇಳಿ ಹೋದರು. ಸೋತರು. ಸೋತ ಮೇಲೂ ಊರಿನವರು ಅವರನ್ನು ಎಮ್ಮೆಲ್ಲೆ ಎಂದೇ ಕರೆದರು, ಅವರೂ ಸಾವಿನ ಮನೆಗಳಿಗೆ ಹಳೇ ಜೀಪಿನಲ್ಲಿ ಬರುತ್ತಲೇ ಇದ್ದರು.

ಅದಾದ ಮೇಲಿನ ಒಂದು ಮಳೆಗಾಲದಲ್ಲಿ ಹೊಳೆ ಏರುತ್ತದೆಂದು ಸರಕಾರದವರು ಜೀಪಿನಲ್ಲಿ ಮೈಕು ಹಿಡಿದು ಕೂಗಿ ನಮ್ಮನ್ನೆಲ್ಲ ಶಾಲೆಗೆ ಕಳಿಸಿದರು. ನೀರು ಬರಲಿಲ್ಲ. ತಿರುಗಿ ಬರುವಷ್ಟರಲ್ಲಿ ಮನೆಗಳ ಪಾತ್ರೆ, ಕೋಳಿ, ಸೆಲ್ವಿಯ ಮಿಕ್ಸಿ ಯಾರದೋ ಪಾಲಾಗಿತ್ತು. ಹಾಗಾಗಿ ಮುಂದಿನ ವರ್ಷ ಮತ್ತೆ ಮೈಕಿನ ಜೀಪು ಬಂದಾಗ ಯಾರೂ ಬಾಗಿಲಿಗೂ ಬರಲಿಲ್ಲ. "ಬೇಗ ಮನೆ ಖಾಲಿ ಮಾಡಿ" ಎಂದು ಮೈಕು ಕೂಗಿತು. "ಮಾಡ್ತೀವಿ, ಮಿಕ್ಸಿ ನೀನೇ ಕಾಯ್ತೀಯಾ" ಎಂದು ಸೆಲ್ವಿ ಕಿಟಕಿಯಿಂದಲೇ ಕೂಗಿದಳು. ಸಾಲು ಮನೆಯವರೆಲ್ಲ ನಕ್ಕರು. ಎಮ್ಮೆಲ್ಲೆಯವರು ಬಂದು ಮನೆಮನೆಗೆ ಹೇಳಿದರು. ಅವರಿಗೂ ಅದೇ ಉತ್ತರ, ಸ್ವಲ್ಪ ಮರ್ಯಾದೆಯ ಮಾತಲ್ಲಿ. ಮಳೆ ಮಾತ್ರ ಬಿಡದೆ ಸುರಿಯುತ್ತಿತ್ತು. ಅವರು ದಾರಿ ಏರಿ ಹೋದರು.

ನಾನು ಸಂಜೆಯ ನೈವೇದ್ಯಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಮೇಲಿನಿಂದ ಎರಡು ಗುಂಡಿನ ಸದ್ದು ಬಂತು.

ಎಮ್ಮೆಲ್ಲೆಯವರ ಮನೆಯದೇ ಎಂದು ಸದ್ದಿನಲ್ಲೇ ತಿಳಿಯಿತು. ಅವ್ವ ಎಷ್ಟೋ ದಿನದಿಂದ ಹಾಸಿಗೆಯಲ್ಲಿದ್ದರು. ಸಾಲು ಮನೆಗಳ ಬಾಗಿಲೆಲ್ಲ ಒಟ್ಟಿಗೆ ತೆರೆದವು. ತೋಟದ ಲೆಕ್ಕ ಬರೆಯುವ ರೈಟರ್ ಜೀಪು ತಂದು ನಿಲ್ಲಿಸಿ, "ಅವ್ವನಿಗೆ ಮಕ್ಕಳೆಂದರೆ ಪ್ರಾಣ, ಮಕ್ಕಳನ್ನೆಲ್ಲ ಕರ್ಕೊಂಡು ಬರಬೇಕಂತೆ. ನಡೆಯೋಕಾಗದವರು ಜೀಪು ಹತ್ತಿ" ಎಂದ. ಯಾರೂ ಎರಡನೆಯ ಮಾತಾಡಲಿಲ್ಲ. ಆ ಸಾಲಿನಲ್ಲಿ ಅವ್ವ ಕಳಿಸಿದ ಅಕ್ಕಿ ಬೇಯದ ಮನೆ ಇರಲಿಲ್ಲ. ಮೈಕಿಗೆ ಅಲುಗದವರು ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಜೀಪಿಗೆ ಹತ್ತಿಸಿ, ಮಳೆಯಲ್ಲಿ ದಾರಿ ಏರಿದರು. ನಾನು ದೇವಸ್ಥಾನದ ಬಾಗಿಲಲ್ಲಿ ನಿಂತು, "ಅವ್ವ ಹೋದರು, ಹೋಗಿಬರ್ತೀನಿ" ಎಂದೆ. ನಮ್ಮವರು ಒಳಗಿನಿಂದ ತಲೆಯಾಡಿಸಿದರು.

ಎಮ್ಮೆಲ್ಲೆಯವರ ಅಂಗಳ ತಲುಪುವ ಮೊದಲೇ ಸೆಲ್ವಿ ಅಲ್ಲಿನ ಮೆಟ್ಟಿಲ ಮೇಲೆ ಕುಸಿದು ಕೂತು, ತಲೆ ತಗ್ಗಿಸಿ ಎದೆ ಬಡಿದುಕೊಂಡು ಅಳತೊಡಗಿದಳು. ಅವಳ ಊರಿನ ಕಡೆಯ ಹಾಡಿನ ಅಳು. ಅವ್ವನ ಗುಣವನ್ನೆಲ್ಲ ಒಂದೊಂದಾಗಿ ಹಾಡಿದಳು.

"ಯಾರಿಗೆ ಅಳ್ತಿದ್ದೀ ಸೆಲ್ವೀ?" ಎಂದು ಮೇಲಿನಿಂದ ದನಿ ಬಂತು.

"ನಿಮಗೇ ಅವ್ವಾ" ಎಂದಳು ಸೆಲ್ವಿ, ತಲೆ ಎತ್ತದೆ.

"ನಾನು ಇಲ್ಲೇ ಇದ್ದೀನಲ್ಲ. ಎದ್ದು ಬಂದು ಕಾಪಿ ಕುಡಿ."

ಅವ್ವ ಜಗುಲಿಯ ಕುರ್ಚಿಯಲ್ಲಿ ಉಣ್ಣೆಯ ಶಾಲು ಹೊದ್ದು ಕೂತಿದ್ದರು. ಸೆಲ್ವಿ ಬಾಯಿ ತೆರೆದವಳು ಮುಚ್ಚಲಿಲ್ಲ. ಎಮ್ಮೆಲ್ಲೆಯವರು ಕೋವಿಯನ್ನು ಗೋಡೆಗೆ ಒರಗಿಸಿ ಅಂಗಳಕ್ಕೆ ಇಳಿದು ಬಂದು ಮಳೆಯಲ್ಲೇ ಕೈ ಮುಗಿದರು.

"ಸುಳ್ಳು ಹೇಳಿದ್ದೀನಿ. ನಾಪೋಕ್ಲಿನಿಂದ ತಂಗಿ ಫೋನ್ ಮಾಡಿದ್ದಾಳೆ, ಅಲ್ಲಿ ಗದ್ದೆ ಕಾಣ್ತಿಲ್ಲ, ರಸ್ತೆ ಕಾಣ್ತಿಲ್ಲ. ಆ ನೀರೆಲ್ಲ ಇಲ್ಲಿಗೇ ಬರೋದು. ಬೈಯಬೇಕಾದವರು ನಾಳೆ ಬೈಯಿರಿ. ಇವತ್ತು ಯಾರೂ ಕೆಳಗಿಳಿಯಬೇಡಿ."

"ಸೋತ ಸಿಟ್ಟಿಗೆ ಹೆತ್ತವಳ ಹೆಸರಲ್ಲಿ ಆಟ ಆಡೋದಾ?" ಎಂದು ಒಬ್ಬರು ಕೇಳಿಯೇಬಿಟ್ಟರು. ಎಮ್ಮೆಲ್ಲೆಯವರು ಬಂದವರನ್ನು ಮುಖ ಮುಖ ನೋಡುತ್ತ ಬಂದರು. ನನ್ನ ಹತ್ತಿರ ನಿಂತು ಬಲಗಿವಿ ಕೊಟ್ಟರು.

"ಭಟ್ರೆಲ್ಲಿ ಅಮ್ಮ?"

"ಅವರು ಸಾವಿನ ಮನೆಗೆ ಬರಲ್ಲವಲ್ಲ. ಪೂಜೆಯಲ್ಲಿದ್ದಾರೆ."

ಅವರ ಮುಖ ನೋಡಬೇಕಿತ್ತು. ಊರಿನ ಸಾವುಗಳಿಗೆಲ್ಲ ಹೋದವರು, ಅಲ್ಲಿ ಇರದ ಒಬ್ಬರನ್ನು ಅವತ್ತಿನವರೆಗೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲರನ್ನೂ ಹೊಳೆಬದಿಯಿಂದ ಎಬ್ಬಿಸಿದ ಆ ಎರಡು ಗುಂಡು ನಮ್ಮವರನ್ನು ಮಾತ್ರ ಅಲ್ಲೇ ಕೂರಿಸಿತ್ತು. ನಾನು ಇಳಿಯಲು ತಿರುಗಿದೆ. ಅವ್ವ ಕುರ್ಚಿಯಿಂದಲೇ ಬಾಗಿ ನನ್ನ ಸೆರಗು ಹಿಡಿದರು. "ನೀನು ಕೂತ್ಕೋ. ಕಟ್ಟಿದ ಗಂಟು ಅವನೇ ಬಿಚ್ಚಲಿ." ಎಮ್ಮೆಲ್ಲೆಯವರು ಆಗಲೇ ಕೊಡೆ ತೆಗೆದುಕೊಂಡು ದಾರಿ ಇಳಿಯುತ್ತಿದ್ದರು.

ಕಾಪಿ ಬಂತು. ನಾನು ಲೋಟವನ್ನು ಪಕ್ಕಕ್ಕಿಟ್ಟೆ. ಪಂಚಾಕ್ಷರಿ ಹೇಳಲು ಹೋದರೆ ನಡುನಡುವೆ ತಪ್ಪುತ್ತಿತ್ತು. ಕೆಳಗಿನಿಂದ ಒಂದು ಸದ್ದು ಬರುತ್ತಿತ್ತು, ದೂರದಲ್ಲಿ ಲಾರಿಗಳು ನಿಲ್ಲದೆ ಹೋಗುವ ಹಾಗೆ. ಅದು ಹೊಳೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. 

ಕೆಳಗೆ ನಡೆದದ್ದನ್ನು ನಮ್ಮವರು ಆಮೇಲೆ ಹೇಳಿದರು. ನೀರು ದೇವಸ್ಥಾನದ ಮೆಟ್ಟಿಲು ಮುಟ್ಟಿತ್ತು. ಇವರು ಅಭಿಷೇಕ ಮುಗಿಸಿ ಹೂವು ಏರಿಸುತ್ತಿದ್ದಾಗ ಹೊರಗೆ ಎಮ್ಮೆಲ್ಲೆಯವರು ಬಂದು ನಿಂತರು.

"ಅಲ್ಲೇ ನಿಲ್ಲಿ ಸಾರ್, ಸೂತಕದಲ್ಲಿ ಒಳಗೆ ಬರಬೇಡಿ" ಎಂದರಂತೆ ಇವರು. "ಅವ್ವ ಹೋದದ್ದು ಕೇಳಿ ಸಂಕಟವಾಯಿತು."

"ಅವ್ವ ಕಾಪಿ ಕುಡೀತಿದ್ದಾರೆ ಭಟ್ರೇ. ಹೊಳೆ ಏರ್ತಿದೆ, ಬನ್ನಿ."

"ನನ್ನನ್ನು ಎಬ್ಬಿಸೋಕೆ ಹೀಗೆ ಹೇಳಬೇಡಿ. ಎರಡು ಗುಂಡು ನಾನೇ ಕೇಳಿದ್ದೀನಿ."

"ಅದು ಸುಳ್ಳು."

"ನೀವು ಸುಳ್ಳು ಹೇಳೋರಲ್ಲ."

ಎಷ್ಟು ಹೇಳಿದರೂ ಇವರು ನಂಬಲಿಲ್ಲ. ಜೀವಮಾನವೆಲ್ಲ ನಿಜ ಹೇಳಿದ ಮನುಷ್ಯನನ್ನು ನಂಬಿದ್ದಕ್ಕೇ ಆ ಹೊತ್ತಿನ ನಿಜ ಇವರಿಗೆ ಸುಳ್ಳಾಗಿ ಕಂಡಿತು. ತಾಯಿ ಸತ್ತ ದುಃಖದಲ್ಲೂ ನನ್ನನ್ನು ಉಳಿಸಲು ಬಂದಿದ್ದಾರೆ ಎಂದುಕೊಂಡು ಇವರ ಕಣ್ಣು ತುಂಬಿತಂತೆ. ಪೂಜೆ ಮುಗಿಯಲಿ ಎಂದು ಹೂವಿನ ತಟ್ಟೆಗೆ ಕೈ ಹಾಕಿದರು.

ಆಗ ಎಮ್ಮೆಲ್ಲೆಯವರು ಬೂಟು ಕಳಚಿದರು. ಮೆಟ್ಟಿಲಿಗೆ ಬಂದಿದ್ದ ಹೊಳೆಯ ನೀರಿನಲ್ಲೇ ಕಾಲು ತೊಳೆದರು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟು, ಈಶ್ವರನ ಎದುರಿಗೆ ಬಂದು ಕೈ ಮುಗಿದು ನಿಂತರು.

ನಮ್ಮವರಿಗೆ ತಿಳಿದದ್ದು ಆಗ. ಸೂತಕ ಹೊತ್ತು ಹೊಸ್ತಿಲು ದಾಟುವ ಮನುಷ್ಯ ಅವರಲ್ಲ. ಮನೆಯಲ್ಲಿ ಅವ್ವನ ಹೆಣ ಇದ್ದಿದ್ದರೆ, ಹೊಳೆಯೇ ಬಂದು ನೂಕಿದರೂ ದೇವರ ಮುಂದೆ ಬಂದು ನಿಲ್ಲುತ್ತಿರಲಿಲ್ಲ. ಇವರು ಒಂದು ಆರತಿ ಎತ್ತಿ, ಉತ್ಸವ ಮೂರ್ತಿಯನ್ನು ಶಲ್ಯದಲ್ಲಿ ಸುತ್ತಿಕೊಂಡು ಹೊರಟರು.

ಅವರಿಬ್ಬರೂ ಅಂಗಳಕ್ಕೆ ಬಂದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ನಮ್ಮವರು ಬರಿಮೈಯಲ್ಲಿ ದೇವರನ್ನು ಎದೆಗೆ ಒತ್ತಿ ಹಿಡಿದಿದ್ದರು. ಸೊಂಟದವರೆಗೆ ಕೆಸರು. ಹಿಂದೆ ಎಮ್ಮೆಲ್ಲೆಯವರು, ಮಳೆಯಲ್ಲಿ ತಾವು ನೆನೆಯುತ್ತ ಕೊಡೆಯನ್ನು ದೇವರ ಮೇಲೆ ಹಿಡಿದು, ಬರಿಗಾಲಲ್ಲಿ. ಬೂಟು ಹೊಳೆಗೆ ಹೋಗಿತ್ತು.

ದೇವರನ್ನು ಎಲ್ಲಿಡುವುದು ಎಂದು ನಮ್ಮವರು ಹಿಂದೆಮುಂದೆ ನೋಡಿದರು. ಮಾಂಸದಡುಗೆಯ ಮನೆ. ಅವ್ವನಿಗೆ ಅರ್ಥವಾಯಿತು. "ಹಿರಿಯರ ದೀಪ ಹಚ್ಚುವ ಜಾಗ ಒಳಗಿದೆ ಭಟ್ರೇ. ಗುಂಡು ಹಾರಿದ ಮೇಲೆ ಈ ಮನೆಯಲ್ಲಿ ಬೆಂದದ್ದು ಕಾಪಿ ಮಾತ್ರ. ನಾನು ಸತ್ತಿದ್ದೀನಲ್ಲ, ಅಡುಗೆ ಎಲ್ಲಿಂದ." ಅಷ್ಟು ಹೊತ್ತು ಬಿಗಿದುಕೊಂಡಿದ್ದ ಜನ ನಕ್ಕರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಆ ರಾತ್ರಿ ಈಶ್ವರ ಕೊಡವರ ದೀಪದ ಬೆಳಕಿನಲ್ಲಿ ಇದ್ದ.

ಬೆಳಗಾಗಿ ನೋಡಿದರೆ ಸಾಲು ಮನೆಗಳ ಜಾಗದಲ್ಲಿ ಹೊಳೆ ಹರಿಯುತ್ತಿತ್ತು. ನಮ್ಮ ಮನೆಯೂ ಇರಲಿಲ್ಲ. ದೇವಸ್ಥಾನದ ಶಿಖರ ಒಂದು ನೀರಿನ ಮೇಲೆ ಕಂಡಿತು. ಬೈಯಬೇಕಾದವರು ಬೈಯಿರಿ ಎಂದಿದ್ದರಲ್ಲ, ಯಾರೂ ಬೈಯಲಿಲ್ಲ. ಹಿಂದಿನ ದಿನ ಸೋತ ಸಿಟ್ಟು ಎಂದವರು ಹೋಗಿ ಅವರ ಪಕ್ಕ ನಿಂತರು. ಎಮ್ಮೆಲ್ಲೆಯವರು ಅವರ ಹೆಗಲ ಮೇಲೆ ಕೈ ಹಾಕಿ, "ಮಕ್ಕಳಿಗೆ ಗಂಜಿ ಆಗಿದೆ, ಮೊದಲು ಕುಡಿಸೋಣ" ಎಂದರು. ನಾನು ಹೇಳಿರಲಿಲ್ಲವಾ ಎಂಬ ಮಾತು ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಆದರೆ ಆ ಸುಳ್ಳು ಅವರನ್ನು ಕಾಡಿತು. ನೀರಿಳಿದು ದೇವಸ್ಥಾನದ ಕೆಸರು ತೆಗೆಯುತ್ತಿದ್ದಾಗ ಬಂದು, "ಭಟ್ರೇ, ನಮ್ಮ ಕುಲದ ಹಿರಿಯರು ಬಹಳ ಬೈದರು. ಬದುಕಿರೋ ತಾಯಿಗೆ ಗುಂಡು ಹಾರಿಸಿದವನು ಅಂತ. ಇದಕ್ಕೆ ಪ್ರಾಯಶ್ಚಿತ್ತ ಹೇಳಿ" ಎಂದರು. ಹೊಳೆಗೆ ಹೆದರದ ಮನುಷ್ಯ ಹೆದರಿದ್ದರು. ನಮ್ಮವರು ಗುದ್ದಲಿ ಕೆಳಗಿಟ್ಟರು.

"ಸತ್ತರು ಅಂತ ಸುದ್ದಿಯಾದವರಿಗೆ ಆಯಸ್ಸು ಹೆಚ್ಚುತ್ತೆ ಅಂತಾರೆ. ನೀವು ಅವ್ವನಿಗೆ ಆಯಸ್ಸು ಕೊಟ್ಟಿದ್ದೀರಿ. ಆದರೂ ಮನಸ್ಸು ಕೇಳದಿದ್ದರೆ ಹೋಗಿ ಅವರ ಕಾಲು ಮುಟ್ಟಿ ಬನ್ನಿ."

ಹೋಗಿ ಮುಟ್ಟಿದರಂತೆ. ಅವ್ವ ತಲೆ ನೇವರಿಸಿ, "ಮತ್ತೆ ಹೊಳೆ ಬಂದರೆ ಮತ್ತೆ ಹೊಡಿ. ಮದ್ದುಗುಂಡು ಒದ್ದೆಯಾಗದ ಹಾಗೆ ಇಟ್ಕೋ" ಎಂದರಂತೆ.

ಮತ್ತೆ ಹೊಡೆಯುವ ಪ್ರಸಂಗ ಬರಲಿಲ್ಲ. ಕೈಯಲ್ಲಿ ಅಧಿಕಾರವಿಲ್ಲದಿದ್ದರೂ ನಮ್ಮನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಸಾಹೇಬರು ಊಟಕ್ಕೆ ಹೋಗಿದ್ದರೆ ನಮ್ಮ ಜೊತೆಗೇ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ದಾರಿಯ ಅರ್ಧದಲ್ಲಿ, ಏರಿನ ಮೇಲೆ, ನಮಗೆಲ್ಲ ಜಾಗವಾಯಿತು. ಮನೆಯಾಯಿತು. ಸೆಲ್ವಿಯದು ಈಗ ನಮ್ಮ ಪಕ್ಕದ ಗೋಡೆ. ನಮ್ಮವರು ದಿನಾ ಇಳಿದು ಹೋಗಿ ಪೂಜೆ ಮಾಡಿ ಬರುತ್ತಾರೆ. ಮಳೆಗಾಲದಲ್ಲಿ ಹೊಳೆಯ ಸದ್ದು ಕೇಳಿದರೂ ನನಗೆ ನಿದ್ದೆ ಬರುತ್ತದೆ. ಇದು ಎಷ್ಟು ದೊಡ್ಡದು ಎಂದು ಹೊಳೆಬದಿಯಲ್ಲಿ ಮಲಗಿ ಎದ್ದವರಿಗೇ ಗೊತ್ತು.

ಈ ವರ್ಷ ಬೇಸಿಗೆಯಲ್ಲಿ, ಕಾಫಿ ಹೂ ಬಿಡಲು ಮಳೆ ಕಾಯುತ್ತಿದ್ದ ಸಮಯ. ಬೆಳಗ್ಗೆ ಅಂಗಳ ಗುಡಿಸುತ್ತಿದ್ದೆ. ಮೇಲಿನಿಂದ ಎರಡು ಗುಂಡಿನ ಸದ್ದು ಬಂತು. ಸೆಲ್ವಿ ತಲೆ ಬಾಚುತ್ತಿದ್ದವಳು ಹಾಗೇ ಹೊರಗೆ ಬಂದಳು.

"ಅಕ್ಕಾ, ಅವ್ವನಾ?"

"ಅವ್ವನೇ ಇರಬೇಕು."

"ಈ ಸಲವೂ ಸುಳ್ಳಿರಬಹುದಾ?"

ಇಬ್ಬರೂ ಕೆಳಗೆ ನೋಡಿದೆವು. ಹೊಳೆಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ನಡುವೆ ಒಬ್ಬರು ಪಂಚೆ ಎತ್ತಿಕೊಂಡು ದಾಟುತ್ತಿದ್ದರು. ಯಾರನ್ನೂ ಉಳಿಸಲು ಸುಳ್ಳು ಹೇಳಬೇಕಾದ ಕಾಲ ಅದಲ್ಲ. ಸೀರೆ ಬದಲಾಯಿಸಿ ದಾರಿ ಏರಿದೆವು.

ಜಗುಲಿಯಲ್ಲಿ ಅವ್ವ ಕೂತಿದ್ದರು. ಅದೇ ಕುರ್ಚಿ. ಸೆಲ್ವಿ ನನ್ನ ಕೈ ಹಿಡಿದು ಅಲುಗಿಸಿ, "ನೋಡಿದ್ರಾ ಅಕ್ಕಾ, ಸುಳ್ಳೇ" ಎಂದು ನಕ್ಕೇಬಿಟ್ಟಳು. ನನಗೂ ಒಂದು ಕ್ಷಣ ಜೀವ ಬಂದಂತಾಯಿತು. ಅವ್ವ ನಮ್ಮನ್ನು ನೋಡಿದರು, ಕಾಪಿ ಕುಡಿ ಎನ್ನಲಿಲ್ಲ. ಅವರ ಹಿಂದೆ ತೆರೆದ ಬಾಗಿಲಲ್ಲಿ ಬಿಳಿ ಬಟ್ಟೆಯ ಅಂಚು ಕಂಡಿತು. ಬೆಳಗಿನ ಜಾವ ಎಮ್ಮೆಲ್ಲೆಯವರು ಎದೆ ನೋವೆಂದರಂತೆ, ನೀರು ತರುವಷ್ಟರಲ್ಲಿ ಮುಗಿದಿತ್ತಂತೆ.

ಬಿಸಿಲೇರುವ ಹೊತ್ತಿಗೆ ಅಂಗಳ ತುಂಬಿತ್ತು. ಆಗ ಜನ ಸರಿದು ದಾರಿ ಬಿಟ್ಟರು. ನೋಡಿದರೆ ನಮ್ಮವರು, ಬೆಳಗಿನ ಪೂಜೆ ಮುಗಿಸಿ ಬಂದವರು, ಹಣೆಯ ವಿಭೂತಿ ಇನ್ನೂ ಹಸಿ. ನಾನು ಬನ್ನಿ ಎಂದಿರಲಿಲ್ಲ. ನೇರವಾಗಿ ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದರು.

"ನೀವು ಬರಬಾರದಿತ್ತು ಭಟ್ರೇ" ಎಂದರು ಅವ್ವ. "ಸಂಜೆಗೆ ದೇವರಿಗೆ ಯಾರು?"

"ಹೊಳೆಯಲ್ಲಿ ಮಿಂದು ಹೋಗ್ತೀನಿ ಅವ್ವಾ. ಅವನು ಕಾಯ್ತಾನೆ."

ಅವ್ವ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಪಕ್ಕದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದರು.

"ಹುಟ್ಟಿದ ಮೇಲೆ ನನ್ನ ಮಗ ಹೇಳಿದ್ದು ಒಂದೇ ಸುಳ್ಳು. ಇವತ್ತು ಎದ್ದು ಬಂದು ಇದು ಎರಡನೇ ಸುಳ್ಳು ಅಂದಿದ್ದರೆ ಯಾರು ಬೈತಿದ್ದರು."

ನಮ್ಮವರು ಅವ್ವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.